ಗಾಳ ಎಲ್ಲರಿಗೂ ಕಂಡಿತು, ಕೈ ಯಾರಿಗೂ ಕಾಣಲಿಲ್ಲ: ಕಾಗಿಣಾ ದಂಡೆಯ ಒಂದು ಪ್ರಕರಣ

ಕಲಬುರಗಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಹೊಳೆ ಹತ್ತಿರವಿರುವುದರಿಂದ ಗಾಳ ಚುಚ್ಚಿಕೊಂಡವರು, ಮೀನಿನ ಮುಳ್ಳು ನೆಟ್ಟವರು, ಪಾಚಿಯ ಮೇಲೆ ಜಾರಿದವರು ವರ್ಷವಿಡೀ ಬರುತ್ತಾರೆ. ಅವುಗಳಲ್ಲಿ ಒಂದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇದರಲ್ಲಿ ಗಾಯಗೊಂಡವರು ಇಬ್ಬರು, ನಾನು ನೋಡಿದ್ದು ಒಬ್ಬರನ್ನು ಮಾತ್ರ. ಆ ತಪ್ಪು ಇನ್ನೊಬ್ಬರ ಕೈಯಿಂದ ಆಗಬಾರದು ಎಂದೇ ಬರೆಯಲು ಕೂತಿದ್ದು. ಊರು, ವಯಸ್ಸು, ನೌಕರಿಯ ವಿವರ ಬದಲಿಸಿದ್ದೇನೆ. ಇದರಲ್ಲಿ ಬರುವ ಹುಡುಗನ ಮಾಮಾ ಮತ್ತು ತಾಯಿ ಇಬ್ಬರೂ ಓದಿ ಒಪ್ಪಿದ ಮೇಲೆಯೇ ಹೊರಗೆ ಕೊಡುತ್ತಿದ್ದೇನೆ.

ಹಿನ್ನೆಲೆ

ಮಾಮಾ ಅನ್ನುವವರು ಸುಮಾರು ನಲವತ್ತರ ಸರ್ಕಾರಿ ನೌಕರ. ಬೆಂಗಳೂರಿನಲ್ಲಿದ್ದಾಗ ಗೆಳೆಯರ ಜೊತೆ ಫ್ಲೈ ಫಿಶಿಂಗ್, ಅಂದರೆ ಹುಳುವಿನ ಹಾಗೆ ಕಟ್ಟಿದ ಗಾಳದಿಂದ ಮೀನು ಹಿಡಿಯುವುದನ್ನು ಕಲಿತಿದ್ದರು. ಕಲಬುರಗಿಗೆ ವರ್ಗವಾಗಿ ಬಂದ ಮೇಲೂ ಅದನ್ನು ಬಿಡಲಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಬಿಸಿಲು ಇಳಿದ ಮೇಲೆ ಹೊಳೆಗೆ ಹೋಗುವುದು ಅವರ ಏಪ್ರಿಲ್ ತಿಂಗಳ ರೂಢಿ. ಅಲ್ಲಿನ ಮೀನುಗಾರರ ಸಂಘದವರನ್ನು ಕೇಳಿಯೇ ಇಳಿಯುತ್ತಿದ್ದರು. ಸಿಕ್ಕ ಜಿಲೇಬಿ ಮೀನನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟು ಬರುತ್ತಿದ್ದರು.

ಜಾಗ ಕಾಗಿಣಾ ನದಿ. ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಹೊಳೆಯ ದಂಡೆಯ ಮೇಲಿದೆ. ಶಹಾಬಾದ್ ಫರ್ಸಿ ಎಂದು ಮನೆಮನೆಗೂ ಹಾಸುತ್ತಾರಲ್ಲ, ಆ ಸುಣ್ಣಕಲ್ಲಿನ ಪದರವೇ ಈ ಭಾಗದಲ್ಲಿ ಹೊಳೆಯ ತಳಕ್ಕೂ ಹಾಸಿಕೊಂಡಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಂಗಳದಂಥ ಬಂಡೆಗಳು ಮೇಲೆ ಬರುತ್ತವೆ. ಒಣಗಿದಾಗ ಅದರ ಮೇಲೆ ಮಕ್ಕಳು ಓಡಾಡುತ್ತವೆ, ಏನೂ ಆಗುವುದಿಲ್ಲ. ಪಾದ ಮುಳುಗುವಷ್ಟು ನೀರು ಹರಿಯುವ ಕಡೆ ಮಾತ್ರ ತೆಳ್ಳಗಿನ ಹಸಿರು ಪಾಚಿ ಕಟ್ಟಿರುತ್ತದೆ. ನೀರು ತಿಳಿ ಇರುವುದರಿಂದ ಕಲ್ಲು ಕಾಣುತ್ತದೆ, ಪಾಚಿ ಕಾಣುವುದಿಲ್ಲ.

ಆ ದಿನ ಜೊತೆಗೆ ಬಂದವನು ಅಕ್ಕನ ಮಗ, 13 ವರ್ಷದ ಹುಡುಗ. ಪರೀಕ್ಷೆ ಮುಗಿದಿತ್ತು, ಮಾಮಾನ ಬೆನ್ನು ಬಿದ್ದು ಬಂದಿದ್ದ. ಮೂರನೆಯವರು ಅದೇ ಊರಿನ ಅಂಬಿಗರ ಹಿರಿಯ, ಹುಡುಗನ ಬಾಯಲ್ಲಿ ಕಾಕಾ. ಬಲೆ ಎಳೆದೇ ಅರವತ್ತು ದಾಟಿದ ಜೀವ.

ನಮ್ಮ ಬಿದಿರು ಕೋಲಿನ ಗಾಳಕ್ಕೂ ಫ್ಲೈ ಫಿಶಿಂಗಿಗೂ ಇರುವ ಒಂದು ವ್ಯತ್ಯಾಸ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಗಾಳದಲ್ಲಿ ಭಾರ ಇರುವುದು ಸೀಸದ ಗುಂಡಿನಲ್ಲಿ. ಎಸೆದರೆ ಮುಂದೆ ಬೀಳುತ್ತದೆ, ಅಪಾಯವೂ ಮುಂದೆಯೇ. ಫ್ಲೈ ಫಿಶಿಂಗಿನಲ್ಲಿ ಗಾಳಕ್ಕೆ ಗರಿ, ದಾರ ಸುತ್ತಿ ಹುಳುವಿನ ಹಾಗೆ ಮಾಡಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ದಪ್ಪ ಲೈನಿನಲ್ಲಿ. ಒಂಬತ್ತು ಅಡಿಯ ರಾಡಿನಿಂದ ಮೊದಲು ಆ ಲೈನನ್ನು ಬೆನ್ನ ಹಿಂದಕ್ಕೆ ಗಾಳಿಯಲ್ಲಿ ಪೂರ್ತಿ ಬಿಚ್ಚಬೇಕು, ಆಮೇಲೆ ಮುಂದಕ್ಕೆ ಹೊಡೆಯಬೇಕು. ಮೂವತ್ತು ನಲವತ್ತು ಅಡಿ ಹಿಂದೆ ಹೋದ ಗಾಳ ಚಾಟಿಯ ತುದಿಯ ಹಾಗೆ ಹೊರಳಿ, ಎಸೆಯುವವರ ಕಿವಿಯ ಪಕ್ಕದಿಂದ ಮುಂದೆ ಬರುತ್ತದೆ. ಕಣ್ಣು ಇರುವುದು ಮುಂದೆ, ಅಪಾಯ ಸುತ್ತುವುದು ಹಿಂದೆ.

ಘಟನೆ

ಮಾಮಾ ಬಲಗೈಯವರು. ರಾಡು ಬಲಕ್ಕೆ ಆಡುತ್ತದೆ ಎಂದು ಹುಡುಗನನ್ನು ಎಡಗಡೆ, ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿದ್ದರು. ಗಾಳಿ ಇಲ್ಲದ ದಿನ ಈ ಲೆಕ್ಕ ಸರಿಯಾದೀತು. ಐದು ಗಂಟೆಯ ಹೊತ್ತಿಗೆ ಮೋಡ ಕಟ್ಟಿತು. ಏಪ್ರಿಲ್‌ನಲ್ಲಿ ನಮ್ಮ ಕಡೆ ಅಡ್ಡಮಳೆ ಬರುವ ಮುಂಚೆ ಗಾಳಿ ಒಮ್ಮೆಲೇ ದಿಕ್ಕು ತಿರುಗುತ್ತದೆ, ಎಲ್ಲರೂ ಬಲ್ಲದ್ದೇ. ಬಲಗಡೆಯಿಂದ ಬೀಸಿದ ಗಾಳಿ ಲೈನನ್ನು ಅವರ ತಲೆಯ ಮೇಲಿಂದ ಎಡಕ್ಕೆ ತಳ್ಳಿತು. ಮುಂದಕ್ಕೆ ಹೊಡೆದಾಗ ಲೈನು ಎಲ್ಲೋ ಸಿಕ್ಕಿಕೊಂಡ ಹಾಗಾಯಿತು. ಗಿಡಕ್ಕೆ ಸಿಕ್ಕಿದೆ ಎಂದುಕೊಂಡು ಇನ್ನೊಂದು ಸಲ ಜಗ್ಗುವಷ್ಟರಲ್ಲಿ ಹುಡುಗ ಚೀರಿದ.

ಗಾಳ ಎಡಗಣ್ಣಿನ ಮೇಲ್ರೆಪ್ಪೆಯಲ್ಲಿ ನೆಟ್ಟಿತ್ತು.

ಮಾಮಾ ರಾಡು ಬಿಸಾಡಿ, ಪಾಚಿ ಹರವಿದ ಬಂಡೆಯ ಮೇಲೆ ಓಡಿದರು. ನಡುವೆ ಜಾರಿ ಬಿದ್ದರು, ಎದ್ದರು, ಮತ್ತೆ ಓಡಿದರು. ಈ ಬಿದ್ದ ಸಂಗತಿ ನನಗೆ ಗೊತ್ತಾಗಿದ್ದು 22 ದಿನಗಳ ನಂತರ.

ದಂಡೆಯ ಮೇಲಿನ ಎರಡು ನಿಮಿಷ

ಹುಡುಗನ ಹತ್ತಿರ ಹೋದವರೇ ಎಡಗೈಯಿಂದ ಗಾಳದ ದಂಟು ಹಿಡಿದರು. ಕಾಕಾ ಅವರ ಮಣಿಕಟ್ಟು ಹಿಡಿದು, "ಕೈ ತಗೀರಿ ಸಾಹೇಬ್ರ. ಗಾಳ ಹೊಕ್ಕ ದಾರಿಲೆ ಹೊಳ್ಳಿ ಬರಂಗಿಲ್ಲ" ಅಂದರಂತೆ. ಇಡೀ ಪ್ರಕರಣದಲ್ಲಿ ಹುಡುಗನ ಕಣ್ಣನ್ನು ಉಳಿಸಿದ ಮಾತು ಇದೇ ಎಂದು ನಾನು ನಂಬಿದ್ದೇನೆ. ಗಾಳದ ಮೊನೆಯ ಒಳಮೈಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳೊಂದು ಇರುತ್ತದೆ. ಒಳಗೆ ಹೋಗುವಾಗ ಅದು ಅಡ್ಡಿ ಮಾಡುವುದಿಲ್ಲ, ಹೊರಗೆ ಎಳೆದರೆ ಮಾಂಸ ಹರಿಯುತ್ತದೆ. ರೆಪ್ಪೆಯ ದಪ್ಪವೆಷ್ಟು? ಅದರ ಹಿಂದೆಯೇ ಕಣ್ಣುಗುಡ್ಡೆ. ಮೊನೆ ಎಲ್ಲಿಯವರೆಗೆ ಹೋಗಿದೆ ಎಂದು ದಂಡೆಯ ಮೇಲೆ ನಿಂತವರಿಗೆ ತಿಳಿಯುವುದು ಸಾಧ್ಯವೇ ಇಲ್ಲ.

ಕಾಕಾ ಚಾಕುವಿನಿಂದ ದಾರವನ್ನು ಎರಡು ಬೆರಳು ಉದ್ದ ಬಿಟ್ಟು ಕತ್ತರಿಸಿದರು. ಫ್ಲಾಸ್ಕಿನ ಚಹಾಕ್ಕೆ ತಂದಿದ್ದ ಕಾಗದದ ಕಪ್ಪನ್ನು ಕಣ್ಣಿನ ಮೇಲೆ ಬೋರಲು ಹಾಕಿದರು. ಕಪ್ಪಿನ ಅಂಚು ಹುಬ್ಬಿನ ಎಲುಬಿಗೂ ಕೆನ್ನೆಯ ಎಲುಬಿಗೂ ತಾಗಬೇಕು, ಒಳಗಿನ ಗಾಳಕ್ಕೆ ಏನೂ ತಾಗಬಾರದು. ಹೆಗಲ ಮೇಲಿನ ಟಾವೆಲ್ ಹರಿದು ಅದೇ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಮುಟ್ಟಬಾರದ್ದರ ಮ್ಯಾಲ ಬುಟ್ಟಿ ಡಬ್ಬ ಹಾಕ್ತೀವಲ್ರಿ, ಹಂಗ" ಅಂತ ಆಮೇಲೆ ನನಗೆ ಹೇಳಿದರು. ಕಣ್ಣಿನ ಗಾಯಕ್ಕೆ ನಾವು ಕೊಡುವ ತರಬೇತಿಯಲ್ಲಿ ಹೇಳುವುದೂ ಅಕ್ಷರಶಃ ಇದನ್ನೇ: ಒತ್ತುವ ಪಟ್ಟಿ ಬೇಡ, ಒತ್ತದ ಮುಚ್ಚಳ ಬೇಕು. ಅರಿಶಿನ, ಜೇನು, ಹರಳೆಣ್ಣೆ, ಮನೆಯಲ್ಲಿ ಉಳಿದ ಹಳೆಯ ಡ್ರಾಪ್ಸ್ ಯಾವುದೂ ಕೂಡದು. ಅಲ್ಲಿ ನೆರೆದ ಒಬ್ಬರು ಹರಳೆಣ್ಣೆ ತರಲು ಹೊರಟಿದ್ದರಂತೆ, ಕಾಕಾ ಬೇಡ ಅಂದರು.

ದಾರಿಯಲ್ಲಿ ಒಂದು ಎಡವಟ್ಟಾಯಿತು. ಕ್ರಾಸಿನಲ್ಲಿ ಆಸ್ಪತ್ರೆ ಎಲ್ಲಿ ಎಂದು ಕೇಳಲು ಕಾರು ನಿಲ್ಲಿಸಿದಾಗ, ಹೋಟೆಲಿನ ತಾಯಿಯೊಬ್ಬರು ಅಳುವ ಹುಡುಗನನ್ನು ಕಂಡು ಮರುಗಿ ಎರಡು ಮಿರ್ಚಿ ಭಜಿ, ಅರ್ಧ ಕಪ್ ಚಹಾ ಕೊಟ್ಟರು. ಅಳುವ ಕೂಸಿಗೆ ಏನಾದರೂ ತಿನ್ನಲು ಕೊಡುವುದು ನಮ್ಮ ಗುಣ, ಆ ತಾಯಿಯನ್ನು ತಪ್ಪು ಅನ್ನಲಾರೆ. ಆದರೆ ಕಣ್ಣಿನ ಗಾಯವಾದ ಮಗುವಿಗೆ ಅರಿವಳಿಕೆ ಕೊಡಬೇಕಾಗುವ ಸಾಧ್ಯತೆ ಹೆಚ್ಚು. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಲ್ಲಿದ್ದರೆ ಎಂಟು ತಾಸು ಕಾಯಬೇಕು.

ನನ್ನ ಮುಂದೆ

ಅವರು ಬಂದಾಗ ಆರೂಕಾಲು. ಕಾಗದದ ಕಪ್ಪು ಅಲುಗಿರಲಿಲ್ಲ. ಹುಡುಗನನ್ನು ತಲೆ ಎತ್ತರಿಸಿ ಮಲಗಿಸಿ, ಕಪ್ಪನ್ನು ಮೆಲ್ಲಗೆ ಎತ್ತಿ, ಕೆಳಗಿನ ಸಂದಿಯಿಂದ ಬೆರಳು ತೋರಿಸಿದೆ. ಎಣಿಸಿದ. ಪಾಪೆ ಎರಡೂ ಕಡೆ ಗುಂಡಗಿತ್ತು. ಕಣ್ಣಿನ ಬಿಳಿಯ ಭಾಗದಲ್ಲಿ ಕಪ್ಪಾಗಿ ಏನೂ ಹೊರಗೆ ಇಣುಕಿರಲಿಲ್ಲ. ಇಷ್ಟರಿಂದ ಕಣ್ಣುಗುಡ್ಡೆ ಒಡೆದಿಲ್ಲ ಎಂದು ಆಸೆಪಡಬಹುದು, ಖಾತ್ರಿ ಹೇಳಲಾಗದು.

ಇಲ್ಲಿ ನನಗೂ ಒಂದು ಮೋಹ ಬಂತು. ಬೆರಳಿಗೆ, ಅಂಗೈಗೆ ಚುಚ್ಚಿದ ಗಾಳಗಳನ್ನು ಎಷ್ಟೋ ಸಲ ತೆಗೆದಿದ್ದೇನೆ. ಚರ್ಮದ ಕೆಳಗೆ ಹೆಚ್ಚು ಆಳವಿಲ್ಲದ ಗಾಳಕ್ಕೆ ದಾರದ ಉಪಾಯ ಸಾಕು. ಗಾಳದ ಬಾಗಿಗೆ ಗಟ್ಟಿ ದಾರದ ಕುಣಿಕೆ ಹಾಕಿ, ದಂಟಿನ ಕಣ್ಣಿರುವ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಒಳಗಿನ ಮುಳ್ಳು ಮಾಂಸದಿಂದ ಬಿಡುತ್ತದೆ. ಹಾಗೆ ಒತ್ತಿಟ್ಟುಕೊಂಡೇ ದಾರವನ್ನು ಚರ್ಮಕ್ಕೆ ಸಮನಾಗಿ ಒಂದೇ ಏಟಿಗೆ ಜಗ್ಗಿದರೆ ಗಾಳ ಹೊರಗೆ. ಎಷ್ಟೋ ಸಲ ಚುಚ್ಚುಮದ್ದೂ ಬೇಕಾಗುವುದಿಲ್ಲ. ಜಗ್ಗುವ ದಿಕ್ಕಿನಲ್ಲಿ ಮಾತ್ರ ಯಾರೂ ನಿಂತಿರಬಾರದು, ಗಾಳ ಹಾರಿ ಬರುತ್ತದೆ. ಆಳಕ್ಕೆ ಹೋಗಿದ್ದರೆ ಮರಗಟ್ಟುವ ಮದ್ದು ಕೊಟ್ಟು, ಮೊನೆಯನ್ನು ಮುಂದಕ್ಕೇ ತಳ್ಳಿ ಚರ್ಮದಿಂದ ಹೊರಗೆ ತಂದು, ಮುಳ್ಳಿನ ಭಾಗ ಕತ್ತರಿಸಿ, ಉಳಿದದ್ದನ್ನು ಹಿಂದಕ್ಕೆ ಎಳೆಯುತ್ತೇವೆ. ಆದರೆ ದಾರದ ಉಪಾಯಕ್ಕೆ ಚರ್ಮ ಅಲುಗದೆ ನಿಲ್ಲಬೇಕು. ಕಿವಿಯ ಹಾಲೆ, ತುಟಿ, ರೆಪ್ಪೆಯಂಥ ಜೋಲುವ ಜಾಗಕ್ಕೆ ಅದು ನಡೆಯುವುದಿಲ್ಲ. ಕಣ್ಣಿನ ಹತ್ತಿರವಂತೂ ಅದನ್ನು ಯೋಚಿಸುವುದೂ ತಪ್ಪು.

ನಾನು ಮುಟ್ಟಲಿಲ್ಲ. ಕಪ್ಪು ಮತ್ತೆ ಮುಚ್ಚಿ, ಕಲಬುರಗಿಯ ಕಣ್ಣಿನ ತಜ್ಞರಿಗೆ ಫೋನ್ ಮಾಡಿ, ಗಾಳ ಲೋಹದ್ದು, ಸ್ಕ್ಯಾನ್ ಬೇಕಾದರೆ ಸಿಟಿ ಮಾಡಿ, ಎಂಆರ್‌ಐ ಬೇಡ ಎಂದು ಚೀಟಿಯಲ್ಲಿ ಬರೆದೆ. ಮಿರ್ಚಿ ತಿಂದ ಹೊತ್ತನ್ನೂ ಬರೆದೆ. ಶಾಲೆಯಲ್ಲಿ ಹತ್ತನೇ ವರ್ಷಕ್ಕೆ ಹಾಕುವ ಟಿಡಿ ಚುಚ್ಚುಮದ್ದು ಆಗಿ ಮೂರೇ ವರ್ಷವಾಗಿತ್ತು, ಧನುರ್ವಾಯುವಿಗೆ ಮತ್ತೆ ಹಾಕುವ ಅಗತ್ಯ ಇರಲಿಲ್ಲ. 108 ಬಂತು, ಹೋದರು.

ಹೋಗುವ ಮುಂಚೆ ನಡೆದದ್ದನ್ನು ಹೇಳಬೇಕು. ಮಾಮಾನ ಬಲ ಅಂಗೈಯ ಬುಡದಲ್ಲಿ ಹಸಿರು ಪಾಚಿ ಮೆತ್ತಿತ್ತು. ನಾನು ಅದನ್ನು ನೋಡಿದೆ. ನೋಡಿ ಏನು ಹೇಳಿದೆ? "ಕೈ ತೊಳಕೊಳ್ರಿ, ಸಿಂಕ್ ಅಲ್ಲದ." ಅವರು ನಳದ ಕೆಳಗೆ ಕೈ ಹಿಡಿದು ಮುಖ ಕಿವಿಚಿದರು. ಅಳಿಯನ ಸಂಕಟಕ್ಕೆ ಅಂದುಕೊಂಡೆ. ಅಂಗೈ ಬುಡಕ್ಕೆ ಪಾಚಿ ಅಂದರೆ ಆ ಮನುಷ್ಯ ಕೈ ಊರಿ ಬಿದ್ದಿದ್ದಾನೆ ಎಂದೇ ಅರ್ಥ. ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡುವ ಪಾಠವದು. ರೆಪ್ಪೆಯಲ್ಲಿ ಗಾಳ ಇರುವ ಮಗು ಎದುರಿಗಿದ್ದಾಗ ಆ ಪಾಠ ನೆನಪಾಗಲಿಲ್ಲ.

ಕಣ್ಣಿಗೆ ಏನಾಯಿತು

ತಜ್ಞರು ರಾತ್ರಿ ಕಾದು, ಬೆಳಗಿನ ಜಾವ ಅರಿವಳಿಕೆ ಕೊಟ್ಟು ಗಾಳ ತೆಗೆದರು. ರೆಪ್ಪೆಗೂ ಗುಡ್ಡೆಗೂ ನಡುವೆ ಲೋಹದ ತೆಳು ತಟ್ಟೆ ಇಟ್ಟು, ಮೊನೆಯನ್ನು ಮುಂದಕ್ಕೆ ತಂದು, ಮುಳ್ಳು ಕತ್ತರಿಸಿ, ದಂಟನ್ನು ಹಿಂದಕ್ಕೆ ಎಳೆದರು. ರೆಪ್ಪೆಗೆ ಎರಡು ಹೊಲಿಗೆ. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಕಾರ್ನಿಯಾದ (ಪಾಪೆಯ ಮುಂದಿನ ಪಾರದರ್ಶಕ ಪೊರೆಯ) ಮೇಲೆ ಒಂದು ಗೀರು ಹಸಿರಾಗಿ ಹೊಳೆಯಿತಂತೆ. ಮೊನೆ ಅಲ್ಲಿಯವರೆಗೆ ಹೋಗಿ ತಾಗಿತ್ತು, ಒಳಗೆ ಇಳಿದಿರಲಿಲ್ಲ. ದಂಡೆಯ ಮೇಲೆ ಒಂದು ಸಲ ಜಗ್ಗಿದ್ದರೆ ಗೀರು ಹೋಗಿ ಹರುಕಾಗುತ್ತಿತ್ತು. ನಾಲ್ಕನೇ ದಿನಕ್ಕೆ ಗೀರು ಮಾಯಿತು. ದೃಷ್ಟಿ ಪೂರ್ತಿ ಇದೆ.

ಇಪ್ಪತ್ತೆರಡನೇ ದಿನ

ಮಾಮಾ ಪೇಢೆಯ ಡಬ್ಬಿ ಹಿಡಿದು ಬಂದರು. ಡಬ್ಬಿಯನ್ನು ಎಡಗೈಯಲ್ಲಿ ಚಾಚಿದರು. ನಮ್ಮ ಕಡೆ ಯಾರೂ ಸಿಹಿಯನ್ನು ಎಡಗೈಯಲ್ಲಿ ಕೊಡುವುದಿಲ್ಲ. ಅವರೇ ನಾಚಿಕೊಂಡು, "ಎಡಗೈಲೆ ಕೊಡ್ಲತ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ ಡಾಕ್ಟ್ರೇ. ಬಲಗೈ ಜರಾ ಉಳುಕ್ಯದ" ಅಂದರು.

ಎಂದಿನಿಂದ ಎಂದು ಕೇಳಿದೆ. ಆಗ ಬಿದ್ದ ಕಥೆ ಬಂತು. ಅಳಿಯನ ಕಣ್ಣಿನ ಮುಂದೆ ತಮ್ಮ ಕೈ ದೊಡ್ಡದಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಒಂದು ವಾರ ಊದಿತ್ತು, ಬಾಮ್ ತಿಕ್ಕಿದ್ದರು. ಊತ ಇಳಿದರೂ ಬೈಕಿನ ಕೀಲಿ ತಿರುವುವಾಗ, ಪೆನ್ನು ಒತ್ತಿ ಬರೆಯುವಾಗ ನೋವು.

ಹೆಬ್ಬೆರಳನ್ನು ಮೇಲಕ್ಕೆ ಎತ್ತಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಬದಿಗೆ ಎರಡು ಸ್ನಾಯುರಜ್ಜುಗಳ ನಡುವೆ ಒಂದು ಸಣ್ಣ ಕುಳಿ ಬೀಳುತ್ತದೆ. ಅಲ್ಲಿ ಬೆರಳಿನಿಂದ ಒತ್ತಿದೆ. ಕೈ ಹಿಂದಕ್ಕೆ ಎಳೆದುಕೊಂಡರು. ಹೆಬ್ಬೆರಳನ್ನು ಅದರ ಉದ್ದಕ್ಕೇ ಮಣಿಕಟ್ಟಿನ ಕಡೆ ಒತ್ತಿದಾಗಲೂ ಅದೇ ನೋವು. ತಾಲೂಕು ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಸ್ಕೇಫಾಯ್ಡ್ ಎಲುಬಿನ ನಡುವೆ ಗೆರೆ ಕಂಡಿತು.

ಗೋಡಂಬಿಯಷ್ಟು ಸಣ್ಣ ಎಲುಬು ಅದು, ಆಕಾರವೂ ಹಾಗೆಯೇ. ಅದಕ್ಕೆ ರಕ್ತ ಬಹುಪಾಲು ಬೆರಳಿನ ಕಡೆಯ ತುದಿಯಿಂದ ಹೊಕ್ಕು ಮುಂಗೈ ಕಡೆಗೆ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಿಗದೆ ಎಲುಬು ಸಾಯಬಹುದು, ಕೂಡದೆ ಉಳಿಯಬಹುದು. ಹಾಗಾದರೆ ಕೆಲವು ವರ್ಷಗಳಲ್ಲಿ ಮಣಿಕಟ್ಟಿನ ಕೀಲೇ ಸವೆಯುತ್ತದೆ. ಬಿದ್ದ ದಿನದ ಎಕ್ಸ್‌ರೇಯಲ್ಲಿ ಈ ಮುರಿತ ಎಷ್ಟೋ ಸಲ ಕಾಣುವುದೂ ಇಲ್ಲ. ಅದಕ್ಕೇ ಆ ಕುಳಿಯಲ್ಲಿ ನೋವಿದ್ದರೆ, ಚಿತ್ರ ಸರಿ ಇದ್ದರೂ, ಪಟ್ಟಿ ಕಟ್ಟಿ ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ತೆಗೆಸಬೇಕು. ಆ ಸಂಜೆ ನಾನು ಅರ್ಧ ನಿಮಿಷ ಆ ಕೈ ಹಿಡಿದಿದ್ದರೆ ಮೂರು ವಾರ ಮುಂಚೆಯೇ ಪಟ್ಟಿ ಬೀಳುತ್ತಿತ್ತು.

ಇದನ್ನು ಮಾಮಾಗೆ ಹಾಗೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಹೇಳ್ಬೇಕಿತ್ತಲ್ರಿ" ಅಂದರು. ಹೇಳಬೇಕಿತ್ತು, ನಿಜ. ಆದರೆ ಹೆದರಿದವರು ಹೇಳುವುದಿಲ್ಲ, ಕೇಳಬೇಕಾದವರು ನಾವು.

ಎಲುಬು ಜರುಗಿರಲಿಲ್ಲ. ಮೂಳೆ ತಜ್ಞರು ಮೊಣಕೈ ಕೆಳಗೆ ಪ್ಲಾಸ್ಟರ್ ಹಾಕಿ 11 ವಾರ ಇಟ್ಟರು. ಏಪ್ರಿಲ್ ಕೊನೆಯ ಸೆಕೆಯಲ್ಲಿ ಕಲಬುರಗಿಯಲ್ಲಿ ಪ್ಲಾಸ್ಟರ್ ಹೊತ್ತವರ ಕಷ್ಟ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಚ್ಚಿದ ಮೇಲೆ ಸಿಟಿ ಸ್ಕ್ಯಾನಿನಲ್ಲಿ ಎಲುಬು ಕೂಡಿದ್ದು ಕಂಡಿತು. ಹಿಡಿತ ಬರಲು ಮತ್ತೆರಡು ತಿಂಗಳ ವ್ಯಾಯಾಮ.

ಈಗ ಹೊಳೆಗೆ ಹೋಗುವುದು

ಹೋಗುವುದನ್ನು ಬಿಡಿ ಎಂದು ನಾನು ಹೇಳಲಿಲ್ಲ. ಮೈಮನಸ್ಸಿಗೆ ಒಳ್ಳೆಯದು ಮಾಡುವ ಹವ್ಯಾಸವದು. ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ನಾನೂ ಅವರ ಜೊತೆ ಹೋಗಿ ದಂಡೆಯ ಮೇಲೆ ಕೂತು ನೋಡಿದೆ.

ಡಬ್ಬಿಯಲ್ಲಿನ ಗಾಳಗಳ ಮುಳ್ಳನ್ನೆಲ್ಲ ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟಿದ್ದಾರೆ. ಆ ಕೆಲಸ ಅಳಿಯನದು. ಪ್ರತಿ ಗಾಳವನ್ನೂ ಹಳೆಯ ಬನಿಯನ್ನಿಗೆ ಚುಚ್ಚಿ ಹಿಂದಕ್ಕೆ ಎಳೆದು ನೋಡುತ್ತಾನೆ, ಒಂದು ಎಳೆ ಹಿಡಿದುಕೊಂಡರೂ ಮತ್ತೆ ಒತ್ತುತ್ತಾನೆ. ದಾರ ಬಿಗಿ ಇಟ್ಟುಕೊಂಡರೆ ಮುಳ್ಳಿಲ್ಲದ ಗಾಳದಲ್ಲೂ ಮೀನು ನಿಲ್ಲುತ್ತದೆ. ಮೈಗೆ ಚುಚ್ಚಿದರೆ ಸುಲಭವಾಗಿ ಹೊರಗೆ ಬರುತ್ತದೆ. ಕಣ್ಣಿನ ವಿಷಯ ಬೇರೆ, ಅಲ್ಲಿ ಮುಳ್ಳಿದ್ದರೂ ಇಲ್ಲದಿದ್ದರೂ ಆಸ್ಪತ್ರೆಯೇ. ಎಸೆಯುವವರೂ ನೋಡುವವರೂ ಒಡೆಯದ ಗಾಜಿನ ಕನ್ನಡಕ, ಅಗಲ ಅಂಚಿನ ಟೋಪಿ ಹಾಕುತ್ತಾರೆ. ಪೋಲರೈಸ್ಡ್ ಕನ್ನಡಕದಲ್ಲಿ ನೀರಿನ ಹೊಳಪು ಹೋಗಿ ತಳದ ಪಾಚಿಯೂ ಕಾಣುತ್ತದೆ, ನಾನೇ ಹಾಕಿ ನೋಡಿದೆ.

ಹುಡುಗ ಕೂರುವುದು ಈಗ ಲೈನು ಮುಟ್ಟಲಾರದಷ್ಟು ದೂರ, ಮಾಮಾನ ಕಣ್ಣಿಗೆ ಬೀಳುವ ಕಡೆ. ಬಲದಿಂದ ಗಾಳಿ ಬಂದರೆ ಅವರು ಎಡ ಹೆಗಲಿನ ಮೇಲಿಂದ ಎಸೆಯುತ್ತಾರೆ. ಗಾಳಿ ಸುತ್ತು ಹೊಡೆಯತೊಡಗಿದರೆ ಸುತ್ತಿಕೊಂಡು ಮನೆಗೆ. ಮಳೆಗಾಲದ ಮುಂಚಿನ ಗುಡುಗಿಗಂತೂ ಮೊದಲ ಸದ್ದಿಗೇ ರಾಡು ಕೆಳಗಿಟ್ಟು ದೂರ ಹೋಗಬೇಕು, ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಮುಟ್ಟಬಾರದು. ಆ ರಾಡು ಕಾರ್ಬನ್‌ನದ್ದು, ವಿದ್ಯುತ್ ಹರಿಯುತ್ತದೆ. ನಮ್ಮ ದಂಡೆಗಳಲ್ಲಿ ಪಂಪ್‌ಸೆಟ್ಟಿನ ತಂತಿಗಳು ಕೈಗೆಟುಕುವಷ್ಟು ಜೋತುಬಿದ್ದಿರುವುದನ್ನು ನೋಡಿದರೆ ನನಗೆ ಗಾಳಕ್ಕಿಂತ ಅದೇ ಹೆಚ್ಚು ಭಯ. ರಾಡು ಎತ್ತುವ ಮುಂಚೆ ತಲೆ ಎತ್ತಿ ನೋಡಲೇಬೇಕು.

ಬಂಡೆಯ ಮೇಲೆ ನಡೆಯುವುದನ್ನು ಇಬ್ಬರಿಗೂ ಕಲಿಸಿದ್ದು ಕಾಕಾ. ಅವರು ಬರಿಗಾಲಲ್ಲಿ ನಡೆಯುತ್ತಾರೆ. ಹಿಮ್ಮಡಿ ಎತ್ತುವುದಿಲ್ಲ, ಪಾದವನ್ನು ಪೂರ್ತಿ ಚಪ್ಪಟೆಯಾಗಿ ಸರಿಸುತ್ತಾರೆ. ಕೋಲು ಊರಿ, ಅದು ನಿಂತ ಮೇಲೆ ಒಂದು ಪಾದ, ಅದು ಹಿಡಿದ ಮೇಲೆ ಇನ್ನೊಂದು. ಮಾಮಾ ಈಗ ಮೊಳೆ ಇರುವ ತಳದ ಬೂಟು ಹಾಕಿದರೂ ಅದೇ ನಡಿಗೆ. ಯಾರು ಚೀರಿದರೂ ಓಡಬಾರದು ಎಂದು ಕಾಕಾ ಆಣೆ ಹಾಕಿಸಿದ್ದಾರಂತೆ.

ಕೈಯ ಬಗ್ಗೆ ಒಂದು ಮಾತು. ಫ್ಲೈ ರಾಡನ್ನು ಬಹಳ ಜನ ಹೆಬ್ಬೆರಳು ಹಿಡಿಕೆಯ ಮೇಲಿಟ್ಟು ಹಿಡಿಯುತ್ತಾರೆ, ಹೊಡೆತದ ಭಾರ ಹೆಬ್ಬೆರಳಿನ ಬುಡಕ್ಕೇ ಬರುತ್ತದೆ. ಮುರಿದು ಕೂಡಿದ ಎಲುಬಿರುವುದೂ ಅಲ್ಲಿಯೇ. ಹಗುರ ರಾಡು ತೆಗೆದುಕೊಂಡು, ಮಣಿಕಟ್ಟು ಮಡಿಸದೆ, ಮೊಣಕೈಯನ್ನು ಮೈಗೆ ಹತ್ತಿರ ಇಟ್ಟು ಎಸೆಯಿರಿ ಎಂದು ಫಿಸಿಯೋಥೆರಪಿಯವರು ಹೇಳಿದ್ದಾರೆ. ಏನೂ ಮುರಿಯದವರಿಗೂ ಹೆಗಲು, ಮೊಣಕೈ ನೋವು ಬರುವುದು ದಿನಗಟ್ಟಲೆ ಒಂದೇ ಸಮನೆ ಎಸೆಯುವುದರಿಂದ.

ಆ ಭಾನುವಾರ ಇಪ್ಪತ್ತು ನಿಮಿಷಕ್ಕೆ ಮಾಮಾ ರಾಡು ಕೆಳಗಿಟ್ಟು ಬಂಡೆಯ ಮೇಲೆ ಕೂತರು. ನಾನು ಅವರ ಬಲಗೈ ತೆಗೆದುಕೊಂಡು ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿದೆ. "ಇಲ್ರಿ, ಈಗ ಏನೂ ಇಲ್ಲ" ಅಂದರು. ಇನ್ನೊಂದು ಕೈಯನ್ನೂ ನೋಡಿದೆ. ಆಮೇಲೆ ಕಾಕಾನ ಕೈ ಕೇಳಿದೆ. ಅವರ ಬಲ ತೋರುಬೆರಳಿನಲ್ಲಿ ಹಳೆಯ ಗಾಳದ ಕಲೆ, ಬೆಳ್ಳಗೆ ಅಕ್ಕಿ ಕಾಳಿನಷ್ಟು. ನನ್ನ ಮುಂದೆ ಚಾಚಿ, "ಇದು ನಾನು ಸಣ್ಣಾವ ಇದ್ದಾಗ ಜಗ್ಗಿದ್ದುರಿ" ಅಂದರು.